ಟೆಕ್ಸಸ್ ನಂಬರ್ 1 ಹೌದು, ಆದರೆ ಕಣ್ಣು ಮುಂದಿನ ಸಾಲಿನ ಐವರ ಮೇಲಿರಲಿ

ಪ್ರಶ್ನೆ: ನಾವು ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿದ್ದೇವೆ. ಮಗಳು ಈ ವರ್ಷ ಟೆಕ್ಸಸ್ ವಿಶ್ವವಿದ್ಯಾಲಯ ಸೇರಿದ್ದಾಳೆ. ಇಷ್ಟು ವರ್ಷ ಇಲ್ಲಿದ್ದರೂ ಈ ಕಾಲೇಜ್ ಮಟ್ಟದ ಅಮೆರಿಕನ್ ಫುಟ್‌ಬಾಲ್ ಗದ್ದಲವನ್ನು ದೂರದಿಂದಲೇ ನೋಡಿದವರು ನಾವು. ಈಗ ಮನೆಯಲ್ಲೂ ಅದೇ ಮಾತು. ತಂಡ ದೇಶಕ್ಕೇ ನಂಬರ್ 1 ಅಂತೆ, ಆರ್ಚ್ ಮ್ಯಾನಿಂಗ್ ಅನ್ನೋ ಹುಡುಗ ಇದ್ದಾನಂತೆ, ಈ ಸಲ ಕಪ್ ನಮ್ಮದೇ ಅಂತೆ. ನಿಜಕ್ಕೂ ಅಷ್ಟು ಭರವಸೆ ಇಡಬಹುದಾ? ಪಂದ್ಯ ನೋಡುವಾಗ ಏನನ್ನು ಗಮನಿಸಬೇಕು? ವರ್ಷಕ್ಕೆ ಒಂದೇ ಒಂದು ಪಂದ್ಯಕ್ಕೆ ಹೋಗಬಹುದು ಅಂದರೆ ಯಾವುದಕ್ಕೆ ಹೋಗೋಣ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. 2025ರ ಸೀಸನ್‌ನಲ್ಲಿ ಟೆಕ್ಸಸ್ 12 ಲೀಗ್ ಪಂದ್ಯಗಳಲ್ಲಿ 10 ಗೆಲ್ಲುತ್ತದೆ, ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್‌ಗೂ ಹೋಗುತ್ತದೆ ಅನ್ನುವುದು ನನ್ನ ಲೆಕ್ಕ. ಚಾಂಪಿಯನ್ ಆಗುತ್ತದೆ ಅಂತ ಮಾತ್ರ ಈ ಆಗಸ್ಟ್‌ನಲ್ಲಿ ನಾನು ಹೇಳಲಾರೆ. ಅದಕ್ಕೆ ಕಾರಣ ಕ್ವಾರ್ಟರ್‌ಬ್ಯಾಕ್ ಆರ್ಚ್ ಮ್ಯಾನಿಂಗ್ ಅಲ್ಲ, ಅಂದರೆ ಚೆಂಡು ಎಸೆದು ಆಟ ನಡೆಸುವ ಆ ಹುಡುಗನಲ್ಲ. ಅವನ ಮುಂದೆ ಸಾಲಾಗಿ ನಿಂತು ಎದುರಾಳಿಗಳನ್ನು ತಡೆಯುವ ಐದು ಜನ ಕಾರಣ. ಇಡೀ ದೇಶ ಆ ಹುಡುಗನ ಬಗ್ಗೆ ಮಾತಾಡುತ್ತಿರುವಾಗ ಆ ಐವರ ಹೆಸರು ಹೇಳುವವರೇ ಕಡಿಮೆ. ನನ್ನ ಇಡೀ ಉತ್ತರ ಅವರ ಸುತ್ತಲೇ ಸುತ್ತುತ್ತದೆ.

ನಂಬರ್ 1 ಅನ್ನುವುದರ ಬೆಲೆ ಎಷ್ಟು ಅಂತ ನೋಡೋಣ. 2025ರ ಆಗಸ್ಟ್ 11ರಂದು ಬಂದ ಎಪಿ ಸುದ್ದಿಸಂಸ್ಥೆಯ ಪಟ್ಟಿಯಲ್ಲಿ ಟೆಕ್ಸಸ್‌ಗೆ ಮೊದಲ ಸ್ಥಾನ ಸಿಕ್ಕಿದೆ. ಸೀಸನ್ ಶುರುವಾಗುವ ಮೊದಲೇ ಈ ಸ್ಥಾನ ಸಿಕ್ಕಿದ್ದು ಈ ತಂಡದ ಇತಿಹಾಸದಲ್ಲೇ ಮೊದಲು. ಆದರೆ ಎರಡನೇ ಸ್ಥಾನದ ಪೆನ್ ಸ್ಟೇಟ್‌ಗೂ ಟೆಕ್ಸಸ್‌ಗೂ ಇರುವ ಅಂತರ ಬರೀ 5 ಅಂಕ. ಮತ ಹಾಕುವ ಪತ್ರಕರ್ತರಲ್ಲಿ 25 ಜನ ಟೆಕ್ಸಸ್ ಮೊದಲು ಅಂದರೆ 23 ಜನ ಪೆನ್ ಸ್ಟೇಟ್ ಅಂದಿದ್ದಾರೆ. ಅಂದರೆ ಈ ವರ್ಷ ಎಲ್ಲರಿಗಿಂತ ತಲೆ ಎತ್ತರಕ್ಕೆ ನಿಂತ ತಂಡ ಯಾವುದೂ ಇಲ್ಲ. ಇನ್ನೊಂದು ಮಾತು: 2000ದಿಂದ ಈಚೆಗೆ ಆಗಸ್ಟ್‌ನಲ್ಲಿ ನಂಬರ್ 1 ಆಗಿ ಹೊರಟು ಕೊನೆಯಲ್ಲೂ ನಂಬರ್ 1 ಆಗಿ ಮುಗಿಸಿದ ತಂಡಗಳು ಎರಡೇ, 2004ರ ಯುಎಸ್‌ಸಿ ಮತ್ತು 2017ರ ಅಲಬಾಮಾ. ಹಾಗಾಗಿ ಈ ಪಟ್ಟಿಯನ್ನು ಗೌರವ ಅಂತ ಇಟ್ಟುಕೊಳ್ಳಿ, ಭವಿಷ್ಯ ಅಂತ ಬೇಡ.

ಹಾಗಂತ ಆಸ್ಟಿನ್ ಜನರ ಸಂಭ್ರಮ ಸುಮ್ಮಸುಮ್ಮನೆ ಹುಟ್ಟಿದ್ದಲ್ಲ. ಈ ತಂಡ ಕೊನೆಯ ಸಲ ರಾಷ್ಟ್ರೀಯ ಚಾಂಪಿಯನ್ ಆಗಿದ್ದು 2005ರ ಸೀಸನ್‌ನಲ್ಲಿ. 2006ರ ಜನವರಿ 4ರ ರಾತ್ರಿ ರೋಸ್ ಬೌಲ್‌ನಲ್ಲಿ ವಿನ್ಸ್ ಯಂಗ್ ಯುಎಸ್‌ಸಿ ವಿರುದ್ಧ 41-38ರಲ್ಲಿ ಗೆಲ್ಲಿಸಿಕೊಟ್ಟ. ಆಮೇಲೆ 2009ರಲ್ಲಿ ಫೈನಲ್‌ಗೆ ಹೋಗಿ ಅಲಬಾಮಾಕ್ಕೆ ಸೋತರು. ಅಲ್ಲಿಂದ ಮುಂದೆ ಬಹುಕಾಲ ಬರೀ ನಿರಾಸೆ. ಕೋಚ್ ಸ್ಟೀವ್ ಸಾರ್ಕಿಸಿಯನ್ 2021ರಲ್ಲಿ ಬಂದಾಗಲೂ ಮೊದಲ ವರ್ಷ 5 ಗೆಲುವು, 7 ಸೋಲು. ಆ ನವೆಂಬರ್‌ನಲ್ಲಿ ಕಾನ್ಸಸ್ ಅನ್ನುವ ದುರ್ಬಲ ತಂಡ ಆಸ್ಟಿನ್‌ಗೇ ಬಂದು 57-56ರಲ್ಲಿ ಸೋಲಿಸಿ ಹೋಯಿತು. ಅಂಥ ಜಾಗದಿಂದ 8-5, ಆಮೇಲೆ 12-2, ಕಳೆದ ವರ್ಷ 13-3. ಸತತ ಎರಡು ವರ್ಷ ಸೆಮಿಫೈನಲ್. ಒಂದು ಮೆಟ್ಟಿಲೂ ಬಿಡದೆ ಹತ್ತಿದ್ದಾರೆ. ಆ ಮನುಷ್ಯನ ಮೇಲೆ ನನಗೆ ದೊಡ್ಡ ಗೌರವವಿದೆ. ದುಡ್ಡಿಗೆ ಎಂದೂ ಕೊರತೆ ಇಲ್ಲದ ಈ ತಂಡಕ್ಕೆ ಬೇಕಿದ್ದದ್ದು ಶಿಸ್ತು, ಅದನ್ನು ಅವರು ತಂದರು.

ಆದರೆ ಆ ಎರಡು ಸೆಮಿಫೈನಲ್ ಎಲ್ಲಿ ಕೈತಪ್ಪಿತು ಅನ್ನುವುದನ್ನು ನೋಡಿದರೆ ಈ ವರ್ಷದ ಪ್ರಶ್ನೆಯೂ ಅಲ್ಲೇ ಸಿಗುತ್ತದೆ. 2024ರ ಜನವರಿ 1ರಂದು ವಾಷಿಂಗ್ಟನ್ ವಿರುದ್ಧ 31-37. ಕೊನೆಯ ಕ್ಷಣಗಳಲ್ಲಿ ಎದುರಾಳಿಯ ಗೋಲ್ ಲೈನ್ ಹತ್ತಿರಕ್ಕೇ ಹೋಗಿ, ಕೊನೆಯ ಎಸೆತ ವ್ಯರ್ಥವಾಗಿ ಸೋತರು. ಒಂದು ವರ್ಷದ ನಂತರ, 2025ರ ಜನವರಿ 10ರಂದು, ಕಾಟನ್ ಬೌಲ್ ಅನ್ನುವ ಪಂದ್ಯದಲ್ಲಿ ಓಹಾಯೋ ಸ್ಟೇಟ್ ಎದುರು ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಸ್ಕೋರ್ 21-14, ಟೆಕ್ಸಸ್ ಹಿಂದಿದೆ. ಆಟ ಮುಗಿಯಲು ನಾಲ್ಕು ನಿಮಿಷವೂ ಇಲ್ಲ. ಚೆಂಡು ಗೋಲ್ ಲೈನ್‌ನಿಂದ ಒಂದೇ ಗಜ ದೂರ. ಅಲ್ಲಿಂದ ನಾಲ್ಕು ಪ್ರಯತ್ನ. ಒಂದು ಗಜಕ್ಕೆ ನಾಲ್ಕು ಪ್ರಯತ್ನ ಅಂದರೆ ಈ ಮಟ್ಟದ ತಂಡಕ್ಕೆ ಟಚ್‌ಡೌನ್, ಅಂದರೆ ಚೆಂಡನ್ನು ಆ ಗೆರೆ ದಾಟಿಸಿ ಪಡೆಯುವ ಅಂಕ, ಕೈಗೆ ಬಂದ ಹಾಗೆ. ಮೊದಲನೆಯದರಲ್ಲಿ ನೇರ ನಡುವೆ ನುಗ್ಗಿದರು, ಒಂದಿಂಚೂ ಸಿಗಲಿಲ್ಲ. ಎರಡನೆಯದರಲ್ಲಿ ಚೆಂಡನ್ನು ಪಕ್ಕಕ್ಕೆ ಎಸೆದು ಕ್ವಿನ್‌ಟ್ರೆವಿಯನ್ ವಿಸ್ನರ್‌ನನ್ನು ಹೊರಗಡೆಯಿಂದ ಓಡಿಸಲು ನೋಡಿದರು. ಅವನು ಓಟ ಶುರು ಮಾಡುವ ಮೊದಲೇ ಎದುರಾಳಿಗಳು ಒಳನುಗ್ಗಿ ಹಿಡಿದರು, ಏಳು ಗಜ ನಷ್ಟ. ಮೂರನೆಯದು ವ್ಯರ್ಥ ಪಾಸ್. ನಾಲ್ಕನೆಯದರಲ್ಲಿ ಓಹಾಯೋ ಸ್ಟೇಟ್‌ನ ಜ್ಯಾಕ್ ಸಾಯರ್ ಅಡ್ಡ ಬಂದವನನ್ನು ದಾಟಿ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್ ಕೈಯಿಂದ ಚೆಂಡು ಕಿತ್ತುಕೊಂಡು, ಅದೇ ಚೆಂಡು ಹಿಡಿದು 83 ಗಜ ಓಡಿ ಆ ತುದಿಯಲ್ಲಿ ಟಚ್‌ಡೌನ್ ಮಾಡಿದ. 21-21 ಆಗಬೇಕಿದ್ದದ್ದು 28-14 ಆಯಿತು. ಯೂವರ್ಸ್ ಮತ್ತು ಸಾಯರ್ ಒಂದು ಕಾಲಕ್ಕೆ ಓಹಾಯೋದಲ್ಲಿ ರೂಮ್‌ಮೇಟ್‌ಗಳು, ಅದು ಬೇರೆ ಕಥೆ.

ಟೀವಿಯಲ್ಲಿ ಆ 83 ಗಜದ ಓಟವನ್ನೇ ತೋರಿಸಿದರು, ಈಗಲೂ ಅದನ್ನೇ ತೋರಿಸುತ್ತಾರೆ. ನೀವು ಅದರ ಹಿಂದಿನ ಮೂರು ಆಟಗಳನ್ನು ಹುಡುಕಿ ನೋಡಿ. ಮೊದಲ ಎರಡರಲ್ಲಂತೂ ಟೆಕ್ಸಸ್‌ನ ಮುಂದಿನ ಸಾಲು ಎದುರಾಳಿಯನ್ನು ಹಿಂದಕ್ಕೆ ತಳ್ಳಲೇ ಇಲ್ಲ. ಅದೂ ಯಾವ ಸಾಲು? ಎಡ ತುದಿಯಲ್ಲಿ ಕೆಲ್ವಿನ್ ಬ್ಯಾಂಕ್ಸ್ ಇದ್ದ. ಆ ವರ್ಷ ಇಂಥ ಸಾಲಿನ ಆಟಗಾರರಿಗೆ ಸಿಗುವ ದೊಡ್ಡ ಪ್ರಶಸ್ತಿಗಳಾದ ಔಟ್‌ಲ್ಯಾಂಡ್ ಮತ್ತು ಲೊಂಬಾರ್ಡಿ ಎರಡನ್ನೂ ಗೆದ್ದವನು. ನಡುವೆ ನಿಂತು ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್ ಆಗಿ ನಾಲ್ಕು ಸೀಸನ್ ಆಡಿದ ಜೇಕ್ ಮೇಜರ್ಸ್. ಸೆಂಟರ್‌ನ ಎಡ ಪಕ್ಕದ ಗಾರ್ಡ್ ಹೇಡನ್ ಕಾನರ್, ಅವನೂ ಹಳಬ. ಬಲ ತುದಿಯಲ್ಲಿ ಕ್ಯಾಮರನ್ ವಿಲಿಯಮ್ಸ್ ಸ್ಥಾನ. ಈ ನಾಲ್ವರೂ ಈಗ ತಂಡದಲ್ಲಿಲ್ಲ. ಬ್ಯಾಂಕ್ಸ್, ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಆರಿಸುವ ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ ಒಂಬತ್ತನೆಯವನಾಗಿ ನ್ಯೂ ಆರ್ಲಿಯನ್ಸ್‌ಗೆ ಹೋದ. ಒಟ್ಟು 12 ಮಂದಿ ಟೆಕ್ಸಸ್ ಆಟಗಾರರನ್ನು ಎನ್‌ಎಫ್‌ಎಲ್ ತಂಡಗಳು ಆರಿಸಿಕೊಂಡವು. ಐವರಲ್ಲಿ ಉಳಿದವನು ಬಲ ಗಾರ್ಡ್ ಡಿ.ಜೆ. ಕ್ಯಾಂಪ್‌ಬೆಲ್ ಒಬ್ಬನೇ.

ಹೋದವರ ಜಾಗಕ್ಕೆ ಬರುವವರು ಕಸುವಿಲ್ಲದವರಲ್ಲ. ಎಡ ತುದಿಗೆ ಟ್ರೆವರ್ ಗೂಸ್ಬಿ. ಕಳೆದ ಡಿಸೆಂಬರ್‌ನಲ್ಲಿ ಬ್ಯಾಂಕ್ಸ್ ಗಾಯಗೊಂಡಿದ್ದಾಗ ಜಾರ್ಜಿಯಾ ವಿರುದ್ಧದ ಎಸ್‌ಇಸಿ (ಟೆಕ್ಸಸ್ ಇರುವ ತಂಡಗಳ ಗುಂಪು) ಫೈನಲ್‌ನಲ್ಲಿ ಅವನೇ ಆ ಜಾಗದಲ್ಲಿ ನಿಂತಿದ್ದ, ಗಾಬರಿಯಾಗಲಿಲ್ಲ. ಸೆಂಟರ್‌ಗೆ ಕೋಲ್ ಹಟ್ಸನ್, ಗಾರ್ಡ್ ಆಗಿ ಆಡಿ ಅನುಭವ ಇದೆ. ಬಲ ತುದಿಗೆ ಕ್ಯಾಲಿಫೋರ್ನಿಯಾದಿಂದ ಬಂದ ಬ್ರ್ಯಾಂಡನ್ ಬೇಕರ್, ಎರಡನೇ ವರ್ಷದ ಹುಡುಗ. ಎಡ ಗಾರ್ಡ್ ಜಾಗಕ್ಕೆ ಇನ್ನೂ ಪೈಪೋಟಿ ನಡೆಯುತ್ತಿದೆ. ಒಬ್ಬೊಬ್ಬರನ್ನೇ ತೆಗೆದುಕೊಂಡರೆ ಎಲ್ಲರೂ ಒಳ್ಳೆಯವರೇ. ಲೈನ್ ಕೋಚ್ ಕೈಲ್ ಫ್ಲಡ್ ಈ ಕೆಲಸದಲ್ಲಿ ಪಳಗಿದ ಕೈ. ನನ್ನ ಚಿಂತೆ ಇರುವುದು ಒಬ್ಬೊಬ್ಬರ ಬಲದ ಬಗ್ಗೆ ಅಲ್ಲ, ಐವರೂ ಒಟ್ಟಿಗೆ ಆಡುವುದರ ಬಗ್ಗೆ.

ಯಾಕೆ ಅಂತ ಹೇಳುತ್ತೇನೆ, ಇದು ಗೊತ್ತಾದರೆ ನೀವು ಪಂದ್ಯ ನೋಡುವ ರೀತಿಯೇ ಬದಲಾಗುತ್ತದೆ. ಕ್ರಿಕೆಟ್‌ನಲ್ಲಿ ಜೋಡಿ ಬ್ಯಾಟ್ಸ್‌ಮನ್‌ಗಳು ಓಟ ಕದಿಯುವಾಗ ಒಬ್ಬರಿಗೊಬ್ಬರು ಕೂಗುವುದೂ ಬೇಕಾಗದಷ್ಟು ಹೊಂದಿಕೊಂಡಿರುತ್ತಾರಲ್ಲ, ಹೊಸ ಜೋಡಿಯಾದರೆ ರನ್‌ಔಟ್ ಆಗುತ್ತದಲ್ಲ, ಆ ಹೊಂದಾಣಿಕೆ ಇಲ್ಲಿ ಐದು ಜನರ ನಡುವೆ ಬೇಕು. ಚೆಂಡು ಹೊರಡುವ ಮೊದಲು ಸೆಂಟರ್ ಎದುರಾಳಿಗಳ ಗುಂಪಲ್ಲಿ ಒಬ್ಬನ ಕಡೆ ಬೆರಳು ತೋರಿಸಿ ಕೂಗುತ್ತಾನೆ. ಇವನಿಂದ ಎಣಿಸಿ, ಈ ಕಡೆಯವರು ನಿಮ್ಮವರು, ಆ ಕಡೆಯವರು ನಮ್ಮವರು ಅನ್ನುವ ಲೆಕ್ಕ ಅದು. ಚೆಂಡು ಹೊರಟ ಮೇಲೆ ಎದುರಾಳಿಗಳು ಆ ಲೆಕ್ಕ ಕೆಡಿಸಲೆಂದೇ ಜಾಗ ಅದಲುಬದಲು ಮಾಡುತ್ತಾರೆ. ಹೊರಗಿನವನು ಒಳಗೆ ನುಗ್ಗುತ್ತಾನೆ, ಒಳಗಿನವನು ಅವನ ಬೆನ್ನ ಹಿಂದಿನಿಂದ ಸುತ್ತಿ ಹೊರಗೆ ಬರುತ್ತಾನೆ. ಆಗ ಗಾರ್ಡ್ ಮತ್ತು ತುದಿಯಲ್ಲಿ ನಿಲ್ಲುವ ಟ್ಯಾಕ್ಲ್ ಅರ್ಧ ಸೆಕೆಂಡಿನಲ್ಲಿ ನಿನ್ನವನು ನನಗೆ, ನನ್ನವನು ನಿನಗೆ ಅಂತ ಬದಲಿಸಿಕೊಳ್ಳಬೇಕು. ಇಬ್ಬರೂ ಒಬ್ಬನ ಹಿಂದೆ ಹೋದರೆ ಇನ್ನೊಬ್ಬ ನೇರ ಕ್ವಾರ್ಟರ್‌ಬ್ಯಾಕ್ ಎದೆಗೆ. ಈ ಬದಲಾವಣೆ ಅಭ್ಯಾಸದ ಮೈದಾನದಲ್ಲಿ ಎಷ್ಟು ಮಾಡಿದರೂ ಸಾಲದು, ಅಪರಿಚಿತ ಎದುರಾಳಿಯ ಮುಂದೆ ಪಂದ್ಯದಿಂದ ಪಂದ್ಯಕ್ಕೆ ಕೂಡಿ ಬರಬೇಕು. ಹಾಗಾಗಿ ಹೊಸ ಸಾಲಿಗೆ ಮೊದಲ ನಾಲ್ಕು ಪಂದ್ಯ ಸುಲಭದವು ಇದ್ದರೆ ಪುಣ್ಯ.

ಟೆಕ್ಸಸ್‌ಗೆ ಆ ಪುಣ್ಯ ಇಲ್ಲ. ಮೊದಲ ಪಂದ್ಯವೇ ಆಗಸ್ಟ್ 30, ಓಹಾಯೋ ಸ್ಟೇಟ್ ವಿರುದ್ಧ, ಅದೂ ಅವರ ಊರು ಕೊಲಂಬಸ್‌ನಲ್ಲಿ. 2024ರ ಸೀಸನ್‌ನ ಚಾಂಪಿಯನ್ನರು ಅವರು. ಲಕ್ಷಕ್ಕೂ ಮಿಕ್ಕಿ ಜನ ತುಂಬುವ ಅವರ ಕ್ರೀಡಾಂಗಣದಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಕೂಗು ಪಕ್ಕದವನಿಗೂ ಕೇಳುವುದಿಲ್ಲ. ಆಗ ಏನು ಮಾಡುತ್ತಾರೆ ಗೊತ್ತೇ? ಗಾರ್ಡ್ ಒಬ್ಬ ತಲೆ ತಿರುಗಿಸಿ ಹಿಂದೆ ಕ್ವಾರ್ಟರ್‌ಬ್ಯಾಕ್ ಕಡೆ ನೋಡುತ್ತಿರುತ್ತಾನೆ. ಅವನು ಕಾಲು ಎತ್ತಿ ಸನ್ನೆ ಮಾಡಿದ ತಕ್ಷಣ ಗಾರ್ಡ್ ಸೆಂಟರ್‌ನ ಮೈ ಮುಟ್ಟುತ್ತಾನೆ. ಸೆಂಟರ್ ತಲೆ ಒಮ್ಮೆ ಆಡಿಸುತ್ತಾನೆ, ಎಣಿಕೆ ಹಾಕಿಕೊಂಡು ಚೆಂಡು ಹಿಂದಕ್ಕೆ ಬಿಡುತ್ತಾನೆ. ಇದನ್ನೆಲ್ಲ ಹೊಸ ಸೆಂಟರ್ ತನ್ನ ಮೊದಲ ಪಂದ್ಯದಲ್ಲೇ ಮಾಡಬೇಕು, ಎದುರಿಗಿರುವವರಿಗೆ ಚೆಂಡು ಹೊರಡುವ ಗಳಿಗೆ ಮೊದಲೇ ಗೊತ್ತಾಗದ ಹಾಗೆ. ನೀವು ಆ ಪಂದ್ಯ ಟೀವಿಯಲ್ಲಿ ನೋಡುವಾಗ ಚೆಂಡಿನ ಕಡೆ ನೋಡಬೇಡಿ. ಮೊದಲ ಮೂರು ಸಲ ಟೆಕ್ಸಸ್ ಕೈಗೆ ಚೆಂಡು ಬಂದಾಗ ಈ ಐವರನ್ನೇ ನೋಡಿ. ಯಾರಾದರೂ ಚೆಂಡಿಗಿಂತ ಮೊದಲೇ ಅಲುಗಿ ಪೆನಾಲ್ಟಿ ತಂದರೆ, ಇಬ್ಬರು ಒಬ್ಬನನ್ನೇ ಹಿಡಿದು ನಿಂತರೆ, ದಿನ ಹೇಗಿರುತ್ತದೆ ಅಂತ ಆಗಲೇ ತಿಳಿಯುತ್ತದೆ.

ಓಹಾಯೋ ಸ್ಟೇಟ್ ಕೂಡ ಜನವರಿಯ ತಂಡವಲ್ಲ, ನಿಜ. ಅವರಿಂದ 14 ಮಂದಿ ಡ್ರಾಫ್ಟ್‌ಗೆ ಹೋದರು. ಸಾಯರ್ ಇಲ್ಲ, ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಮುಂದಿನ ಸಾಲಿನ ನಾಲ್ವರೂ ಹೊಸಬರು. ಕ್ವಾರ್ಟರ್‌ಬ್ಯಾಕ್ ಜೂಲಿಯನ್ ಸೇಯಿನ್‌ಗೆ ಇದು ಮೊದಲ ಆರಂಭಿಕ ಪಂದ್ಯ. ಆದರೆ ಹಿಂದೆ ಕೇಲಬ್ ಡೌನ್ಸ್ ಅನ್ನುವ ಸೇಫ್ಟಿ, ಅಂದರೆ ಎಲ್ಲರ ಹಿಂದೆ ನಿಂತು ಕಾಯುವವನು, ಇದ್ದಾನೆ, ದೇಶದಲ್ಲಿ ಅವನಷ್ಟು ಬೇಗ ಆಟ ಓದುವವನನ್ನು ನಾನು ಈಚೆಗೆ ಕಂಡಿಲ್ಲ. ಎಸೆದ ಚೆಂಡು ಹಿಡಿಯಲು ಅವರಲ್ಲೇ ಜೆರೆಮಾಯಾ ಸ್ಮಿತ್ ಅನ್ನುವ ರಿಸೀವರ್. ಕಾಟನ್ ಬೌಲ್‌ನಲ್ಲಿ ಟೆಕ್ಸಸ್ ಅವನನ್ನು ಪೂರ್ತಿ ಕಟ್ಟಿಹಾಕಿತ್ತು, ಮತ್ತೊಮ್ಮೆ ಹಾಗೆ ಮಾಡುವುದು ಕಷ್ಟ. ಈ ಪಂದ್ಯ ಟೆಕ್ಸಸ್ ಅಲ್ಪ ಅಂತರದಲ್ಲಿ ಸೋಲುತ್ತದೆ ಅನ್ನುವುದು ನನ್ನ ಊಹೆ. ಸೋತರೆ ಆಸ್ಟಿನ್ ಊರೇ ಅಳುತ್ತದೆ, ಆದರೆ ಅದರಿಂದ ಸೀಸನ್ ಕೆಡುವುದಿಲ್ಲ. ಪ್ಲೇಆಫ್‌ನಲ್ಲಿ ಈಗ 12 ತಂಡ. ಒಳ್ಳೆಯ ತಂಡಕ್ಕೆ ಹೊರಗಿನ ನೆಲದಲ್ಲಿ ಸೋತದ್ದನ್ನು ಆ ತಂಡಗಳನ್ನು ಆರಿಸುವ ಸಮಿತಿ ಅಷ್ಟೇನೂ ದೊಡ್ಡದು ಮಾಡುವುದಿಲ್ಲ.

ಇನ್ನು ಮ್ಯಾನಿಂಗ್ ಬಗ್ಗೆ. ಅಜ್ಜ ಆರ್ಚಿ, ಚಿಕ್ಕಪ್ಪಂದಿರಾದ ಪೇಟನ್ ಮತ್ತು ಈಲೈ, ಮೂವರೂ ಎನ್‌ಎಫ್‌ಎಲ್ ಕ್ವಾರ್ಟರ್‌ಬ್ಯಾಕ್‌ಗಳು. ಹೈಸ್ಕೂಲ್‌ನಲ್ಲಿದ್ದಾಗಲೇ ದೇಶವೆಲ್ಲ ಹಿಂದೆ ಬಿದ್ದ ಹುಡುಗ. ಅವನ ವಿಷಯದಲ್ಲಿ ನನಗೆ ಇಷ್ಟವಾಗುವುದು ಬೇರೆ. ಈ ಕಾಲದಲ್ಲಿ ಒಂದು ವರ್ಷ ಬೆಂಚ್ ಮೇಲೆ ಕೂರಿಸಿದರೆ ಆಟಗಾರರು ಬೇರೆ ಕಾಲೇಜಿಗೆ ಹೊರಟುಹೋಗುತ್ತಾರೆ. ಇವನು ಎರಡು ವರ್ಷ ಯೂವರ್ಸ್ ಹಿಂದೆ ಕಾದ, ಒಂದು ಅಪಸ್ವರ ಇಲ್ಲದೆ. ಅದು ಸಣ್ಣ ಗುಣವಲ್ಲ.

ಆಟದ ಲೆಕ್ಕ ಇಷ್ಟು: ಕಳೆದ ವರ್ಷ 90 ಎಸೆತ, 61 ಸರಿಯಾಗಿ ಮುಟ್ಟಿದವು, 939 ಗಜ, 9 ಟಚ್‌ಡೌನ್, 2 ಇಂಟರ್‌ಸೆಪ್ಷನ್ (ಎದುರಾಳಿ ಕೈಗೆ ಹೋದ ಎಸೆತ). ಆರಂಭದಿಂದ ಆಡಿದ್ದು ಎರಡೇ ಪಂದ್ಯ, ಲೂಯಿಸಿಯಾನಾ-ಮನ್ರೋ ಮತ್ತು ಮಿಸಿಸಿಪ್ಪಿ ಸ್ಟೇಟ್ ವಿರುದ್ಧ. ಎರಡೂ ಆಸ್ಟಿನ್‌ನಲ್ಲೇ. ಅದಕ್ಕೂ ಮೊದಲು ಯುಟಿಎಸ್‌ಎ ವಿರುದ್ಧ ಯೂವರ್ಸ್ ಗಾಯಗೊಂಡಾಗ ಒಳಗೆ ಬಂದು ನಾಲ್ಕು ಟಚ್‌ಡೌನ್ ಎಸೆದ, ಒಮ್ಮೆ ತಾನೇ ಚೆಂಡು ಹಿಡಿದು 67 ಗಜ ಓಡಿದ. ಆ ಓಟ ನೋಡಿದವರಿಗೆ ಇವನು ಚಿಕ್ಕಪ್ಪಂದಿರ ಹಾಗಲ್ಲ, ಅಜ್ಜನ ಹಾಗೆ ಅನ್ನಿಸಿತು, ನನಗೂ. ಯೂವರ್ಸ್‌ಗೆ ದೂರದ ಎಸೆತ ಒಮ್ಮೆ ಕೂಡಿ ಬಂದರೆ ಇನ್ನೊಮ್ಮೆ ಬರುತ್ತಿರಲಿಲ್ಲ, ಗಾಯವೂ ಕಾಡುತ್ತಿತ್ತು. ಮ್ಯಾನಿಂಗ್ ತೋಳಿನಲ್ಲಿ ಆ ಶಕ್ತಿ ಇದೆ. ಆದರೆ ನಾನು ಮರೆಯದೆ ಇಟ್ಟುಕೊಂಡಿರುವುದು ಲೂಯಿಸಿಯಾನಾ-ಮನ್ರೋ ಪಂದ್ಯವನ್ನು. 51-3ರಲ್ಲಿ ಗೆದ್ದರು, ಆದರೂ ಅವನ 29 ಎಸೆತಗಳಲ್ಲಿ 15 ಮಾತ್ರ ಕೂಡಿ ಬಂದವು, ಎರಡು ಎದುರಾಳಿ ಕೈಗೆ ಹೋದವು. ದೊಡ್ಡ ಎಸೆತಕ್ಕಾಗಿ ಚೆಂಡನ್ನು ಒಂದು ಗಳಿಗೆ ಹೆಚ್ಚು ಹಿಡಿದುಕೊಳ್ಳುವ ಅಭ್ಯಾಸ ಅವನಿಗಿದೆ. ಮುಂದಿನ ಸಾಲು ಹಳೆಯದಾಗಿದ್ದರೆ ಆ ಒಂದು ಗಳಿಗೆ ಅವನಿಗೆ ಸಿಗುತ್ತದೆ. ಹೊಸದಾಗಿದ್ದರೆ? ಅದಕ್ಕೇ ಹೇಳಿದ್ದು, ಅವನ ಬಗ್ಗೆ ಕೇಳುವ ಪ್ರಶ್ನೆಗೆಲ್ಲ ಉತ್ತರ ಅವನ ಮುಂದೆ ನಿಂತವರ ಬಳಿ ಇದೆ.

ನಿಮ್ಮ ಮಗಳು ಮತ್ತು ಅವಳ ಗೆಳತಿಯರಿಗೆ ಒಂದು ಮಾತು ಹೇಳಿ: ಸೆಪ್ಟೆಂಬರ್‌ನಲ್ಲಿ ಅವನು ತಪ್ಪಿದರೆ ಬಿಟ್ಟುಹಾಕಬೇಡಿ. ಇವತ್ತು ಹೊತ್ತು ಮೆರೆಸುವ ಟೀವಿಯವರೇ ನಾಳೆ ಎರಡು ಇಂಟರ್‌ಸೆಪ್ಷನ್ ಆದರೆ ಹೆಸರಿನ ಭಾರ ಅಂತ ಮಾತಾಡುತ್ತಾರೆ. ಅವನಿಗೆ ಸಮಯ ಬೇಕು. ಅಕ್ಟೋಬರ್ ಕೊನೆಯ ಮ್ಯಾನಿಂಗ್ ಆಗಸ್ಟ್ ಕೊನೆಯ ಮ್ಯಾನಿಂಗ್‌ಗಿಂತ ಬಹಳ ಒಳ್ಳೆಯ ಆಟಗಾರ ಆಗಿರುತ್ತಾನೆ ಅನ್ನುವ ನಂಬಿಕೆ ನನಗಿದೆ.

ಚೆಂಡು ಹಿಡಿಯುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮ್ಯಾಥ್ಯೂ ಗೋಲ್ಡನ್ ಹೋದ, ಟೈಟ್ ಎಂಡ್ (ಮುಂದಿನ ಸಾಲಿನ ಪಕ್ಕ ನಿಂತು ಚೆಂಡನ್ನೂ ಹಿಡಿಯುವವನು) ಗನ್ನರ್ ಹೆಲ್ಮ್ ಹೋದ. ಆರಿಜೋನಾ ಸ್ಟೇಟ್ ವಿರುದ್ಧ ಕ್ವಾರ್ಟರ್‌ಫೈನಲ್‌ನಲ್ಲಿ ಸೋಲಿನ ಅಂಚಿನಿಂದ ತಂಡವನ್ನು ಎಳೆದು ತಂದವರು ಇವರಿಬ್ಬರೇ. ರಯಾನ್ ವಿಂಗೋ, ಡಿಆಂಡ್ರೆ ಮೂರ್ ಉಳಿದಿದ್ದಾರೆ, ಕ್ಯಾಲ್ ವಿಶ್ವವಿದ್ಯಾಲಯದಿಂದ ಟೈಟ್ ಎಂಡ್ ಜ್ಯಾಕ್ ಎಂಡ್ರೀಸ್ ಬಂದಿದ್ದಾನೆ. ವಿಂಗೋ ವೇಗ ಅಪರೂಪದ್ದು, ಕೈ ಇನ್ನೂ ಪಳಗಬೇಕು. ಓಟಕ್ಕೆ ಕಳೆದ ವರ್ಷ 1,064 ಗಜ ಓಡಿದ ವಿಸ್ನರ್ ಇದ್ದಾನೆ, ಮೊಣಕಾಲು ಗಾಯದಿಂದ ಕಳೆದ ವರ್ಷ ಪೂರ್ತಿ ಹೊರಗಿದ್ದ ಸಿ.ಜೆ. ಬ್ಯಾಕ್ಸ್‌ಟರ್ ಮರಳಿದ್ದಾನೆ. ಇಲ್ಲಿ ನನಗೆ ಆತಂಕ ಇಲ್ಲ.

ಈ ತಂಡವನ್ನು ನಿಜವಾಗಿ ಪ್ಲೇಆಫ್‌ಗೆ ಹೊತ್ತು ಒಯ್ಯುವುದು ಡಿಫೆನ್ಸ್, ಅಂದರೆ ಚೆಂಡು ಎದುರಾಳಿ ಕೈಯಲ್ಲಿದ್ದಾಗ ತಡೆಯಲು ಇಳಿಯುವವರು. ಕಾಲಿನ್ ಸಿಮನ್ಸ್ ಕಳೆದ ವರ್ಷ ಮೊದಲ ವರ್ಷದ ವಿದ್ಯಾರ್ಥಿಯಾಗಿ 9 ಸ್ಯಾಕ್ ಮಾಡಿದ, ಅಂದರೆ ಚೆಂಡು ಎಸೆಯುವ ಮೊದಲೇ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದ. ಅವರ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಆಂಟನಿ ಹಿಲ್ 113 ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವುವುದು), 8 ಸ್ಯಾಕ್. ಮೈದಾನದ ಯಾವ ಮೂಲೆಯಲ್ಲಿ ಗಲಾಟೆ ಇದ್ದರೂ ಅಲ್ಲಿ ಅವನಿರುತ್ತಾನೆ. ಹಿಂದೆ ಮೈಕಲ್ ಟಾಫ್, ಆಸ್ಟಿನ್‌ನ ಹುಡುಗ. ಸ್ಕಾಲರ್‌ಶಿಪ್ ಇಲ್ಲದೆ ತಂಡಕ್ಕೆ ಸೇರಿ ಇವತ್ತು ಅದರ ಬೆನ್ನೆಲುಬಾಗಿದ್ದಾನೆ. ನಿಮ್ಮ ಮಗಳಿಗೆ ನೆಚ್ಚಿನ ಆಟಗಾರ ಬೇಕಿದ್ದರೆ ನಾನು ಇವನನ್ನು ತೋರಿಸುತ್ತೇನೆ. ಹಿಂಬದಿ ಕಾಯುವವರಿಗೆ ಕೊಡುವ ಥಾರ್ಪ್ ಪ್ರಶಸ್ತಿ ಗೆದ್ದ ಜಾಡೇ ಬ್ಯಾರನ್ ಡೆನ್ವರ್‌ಗೆ ಹೋದದ್ದು ನಷ್ಟವೇ, ಆದರೆ ಮಲಿಕ್ ಮೊಹಮ್ಮದ್ ಇದ್ದಾನೆ, ಆ ಜಾಗ ತುಂಬುತ್ತದೆ.

ತುಂಬುವುದು ಕಷ್ಟವಾದದ್ದು ಡಿಫೆನ್ಸ್‌ನ ಮುಂದಿನ ಸಾಲಿನ ನಡುವಿನ ಜಾಗ. ಆಲ್‌ಫ್ರೆಡ್ ಕಾಲಿನ್ಸ್, ವರ್ನನ್ ಬ್ರೌಟನ್ ಅನ್ನುವ ಇಬ್ಬರು ಗಜಕಾಯರು ಕಳೆದ ವರ್ಷ ನಡುವೆ ನಿಂತು ಎದುರಾಳಿಯ ಓಟವನ್ನು ನುಂಗುತ್ತಿದ್ದರು. ಹಿಲ್ ಅಷ್ಟು ಸ್ವತಂತ್ರವಾಗಿ ಓಡಾಡಿದ್ದು ಅವರು ಇಬ್ಬಿಬ್ಬರನ್ನು ತಮ್ಮ ಮೇಲೆ ಎಳೆದುಕೊಂಡದ್ದರಿಂದ. ಇಬ್ಬರೂ ಎನ್‌ಎಫ್‌ಎಲ್‌ನಲ್ಲಿದ್ದಾರೆ. ಅವರ ಜಾಗಕ್ಕೆ ಬೇರೆ ಕಾಲೇಜುಗಳಿಂದ ಕರೆತಂದಿದ್ದಾರೆ: ಓಹಾಯೋ ಸ್ಟೇಟ್‌ನಿಂದಲೇ ಹೀರೋ ಕನು, ನಾರ್ತ್ ಕ್ಯಾರೊಲೈನಾದಿಂದ ಟ್ರಾವಿಸ್ ಶಾ, ಸಿರಾಕ್ಯೂಸ್‌ನಿಂದ ಮರಾದ್ ವಾಟ್ಸನ್, ಪರ್ಡ್ಯೂನಿಂದ ಕೋಲ್ ಬ್ರೆವಾರ್ಡ್. ಒಬ್ಬ ಕಾಲಿನ್ಸ್ ಸಿಗದಿದ್ದರೂ ನಾಲ್ವರು ಸರದಿಯಲ್ಲಿ ಆಡಿದರೆ ಕೆಲಸ ಸಾಗಬಹುದು. ನವೆಂಬರ್ 15ರಂದು ಜಾರ್ಜಿಯಾದವರು ಇದನ್ನು ಪರೀಕ್ಷೆ ಮಾಡಿಯೇ ಮಾಡುತ್ತಾರೆ.

ದುಡ್ಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಊರಲ್ಲಿ ಆ ಮಾತು ಕೇಳಿರುತ್ತೀರಿ. 2025ರ ಜೂನ್ 6ರಂದು ನ್ಯಾಯಾಲಯ ಒಪ್ಪಿದ ಒಪ್ಪಂದದಿಂದಾಗಿ ಜುಲೈ 1ರಿಂದ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. 2025-26ಕ್ಕೆ ಮಿತಿ ಒಂದು ಸಂಸ್ಥೆಗೆ ಸುಮಾರು 2.05 ಕೋಟಿ ಡಾಲರ್, ಎಲ್ಲ ಆಟಗಳೂ ಸೇರಿ. ತಂಡದಲ್ಲಿ 105 ಮಂದಿಗಿಂತ ಹೆಚ್ಚು ಇರುವಂತಿಲ್ಲ. ಟೆಕ್ಸಸ್‌ನಂಥ ಶ್ರೀಮಂತ ಸಂಸ್ಥೆಗೆ ಇದರಿಂದ ಅನುಕೂಲವೇ. ಆದರೆ ಹೊಂದಾಣಿಕೆಯಾದ ಮುಂದಿನ ಸಾಲು ದುಡ್ಡಿಗೆ ಸಿಗುವ ವಸ್ತುವಲ್ಲ ಅನ್ನುವುದು ಸಾರ್ಕಿಸಿಯನ್‌ಗೂ ಗೊತ್ತು. ಅದಕ್ಕೇ ಅವರು ಅಲ್ಲಿಗೆ ಹೊರಗಿನವರನ್ನು ತುಂಬದೆ ತಾವೇ ಬೆಳೆಸಿದ ಹುಡುಗರನ್ನು ನಿಲ್ಲಿಸುತ್ತಿದ್ದಾರೆ. ಅವರ ಈ ತೀರ್ಮಾನ ಸರಿ ಅಂತಲೇ ನಾನು ಭಾವಿಸುತ್ತೇನೆ, ಫಲ ತಡವಾಗಿ ಬಂದರೂ.

ವೇಳಾಪಟ್ಟಿಯಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿ ಇದೆ. ಓಹಾಯೋ ನಂತರ ಸ್ಯಾನ್ ಹೋಸೆ ಸ್ಟೇಟ್, ಯುಟೆಪ್, ಸ್ಯಾಮ್ ಹ್ಯೂಸ್ಟನ್ ಮೂರೂ ಆಸ್ಟಿನ್‌ನಲ್ಲಿ, ಮೂರೂ ಗೆಲ್ಲುವವೇ. ಸೆಪ್ಟೆಂಬರ್ 20ರ ಆ ಪಂದ್ಯ ಮುಗಿದರೆ ನವೆಂಬರ್ 1ರವರೆಗೆ ಆಸ್ಟಿನ್‌ನಲ್ಲಿ ಪಂದ್ಯವೇ ಇಲ್ಲ! ಒಂದು ವಾರ ಬಿಡುವು, ಆಮೇಲೆ ಸಾಲಾಗಿ ನಾಲ್ಕು ಶನಿವಾರ ಊರಾಚೆ. ಅಕ್ಟೋಬರ್ 4 ಫ್ಲಾರಿಡಾ, 11ರಂದು ಡಲ್ಲಾಸ್‌ನಲ್ಲಿ ಓಕ್ಲಹೋಮಾ, 18 ಕೆಂಟಕಿ, 25 ಮಿಸಿಸಿಪ್ಪಿ ಸ್ಟೇಟ್. ಕಾಲೇಜು ಹುಡುಗರು ಇವರು, ವಾರವೆಲ್ಲ ಕ್ಲಾಸು, ಪರೀಕ್ಷೆ, ಶುಕ್ರವಾರ ವಿಮಾನ. ಮೂರನೇ ಮತ್ತು ನಾಲ್ಕನೇ ವಾರಕ್ಕೆ ಮೈ ದಣಿದಿರುತ್ತದೆ. ಕೆಂಟಕಿ, ಮಿಸಿಸಿಪ್ಪಿ ಸ್ಟೇಟ್ ಹೆಸರು ನೋಡಿ ಸುಲಭ ಅಂದುಕೊಳ್ಳಬೇಡಿ. ಅಲ್ಲಿ ಒಂದು ಕಡೆ ಟೆಕ್ಸಸ್ ಕೂದಲೆಳೆಯಲ್ಲಿ ಪಾರಾದರೂ ನನಗೆ ಆಶ್ಚರ್ಯವಿಲ್ಲ.

ಫ್ಲಾರಿಡಾವನ್ನು ಕಳೆದ ನವೆಂಬರ್‌ನಲ್ಲಿ 49-17ರಲ್ಲಿ ಸೋಲಿಸಿದ್ದರು, ಆದರೆ ಆಗ ಅವರ ಕ್ವಾರ್ಟರ್‌ಬ್ಯಾಕ್ ಡಿ.ಜೆ. ಲ್ಯಾಗ್‌ವೇ ಗಾಯಗೊಂಡು ಹೊರಗಿದ್ದ. ಈ ಸಲ ಪಂದ್ಯ ಅವರ ಗೇನ್ಸ್‌ವಿಲ್‌ನಲ್ಲಿ, ಸೆಖೆಯೂ ಇರುತ್ತದೆ, ಗದ್ದಲವೂ ಇರುತ್ತದೆ. ಓಹಾಯೋದಲ್ಲಿ ಕಲಿತ ಸನ್ನೆಯ ಪಾಠ ಇಲ್ಲಿ ಉಪಯೋಗಕ್ಕೆ ಬರಬೇಕು. ಗೆಲ್ಲುತ್ತಾರೆ ಅನ್ನುವ ಕಡೆಗೇ ವಾಲುತ್ತೇನೆ, ಆದರೆ ಗಟ್ಟಿಯಾಗಿ ಅಲ್ಲ. ಓಕ್ಲಹೋಮಾದವರು ವಾಷಿಂಗ್ಟನ್ ಸ್ಟೇಟ್‌ನಿಂದ ಜಾನ್ ಮಟೀರ್ ಅನ್ನುವ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ತಂದಿದ್ದಾರೆ. ಕಳೆದ ವರ್ಷದ 34-3 ಮರುಕಳಿಸದು, ಆದರೂ ಟೆಕ್ಸಸ್ ಡಿಫೆನ್ಸ್ ಮೇಲುಗೈ.

ಜಾರ್ಜಿಯಾ ನನ್ನ ಲೆಕ್ಕದ ಎರಡನೇ ಸೋಲು. ಕಳೆದ ವರ್ಷ ಟೆಕ್ಸಸ್ ಸೋತ ಮೂರರಲ್ಲಿ ಎರಡು ಇವರಿಗೇ, ಆಸ್ಟಿನ್‌ನಲ್ಲಿ 15-30, ಅಟ್ಲಾಂಟಾದ ಫೈನಲ್‌ನಲ್ಲಿ ಓವರ್‌ಟೈಮ್‌ಗೆ ಹೋಗಿ 19-22. ಆಸ್ಟಿನ್‌ನಲ್ಲಿ ಅವರು ಟೆಕ್ಸಸ್ ಕ್ವಾರ್ಟರ್‌ಬ್ಯಾಕ್‌ನನ್ನು ಏಳು ಸಲ ನೆಲಕ್ಕೆ ಕೆಡವಿದರು. ಅದೂ ಬ್ಯಾಂಕ್ಸ್, ಮೇಜರ್ಸ್ ಇದ್ದ ಸಾಲನ್ನು ಸೀಳಿ. ಯೂವರ್ಸ್‌ನನ್ನು ಕೂರಿಸಿ ಮ್ಯಾನಿಂಗ್‌ನನ್ನು ಸ್ವಲ್ಪ ಹೊತ್ತು ಆಡಿಸಿದರೂ ಫಲ ಸಿಗಲಿಲ್ಲ. ಈ ಸಲ ಪಂದ್ಯ ಅವರ ಅಥೆನ್ಸ್‌ನಲ್ಲಿ. ಒಂದೇ ಸಮಾಧಾನ ಅಂದರೆ ಅದಕ್ಕೆ ಮೊದಲು ನವೆಂಬರ್ 8ರಂದು ಟೆಕ್ಸಸ್‌ಗೆ ಬಿಡುವು, ಜಾರ್ಜಿಯಾ ಅದೇ ದಿನ ಮಿಸಿಸಿಪ್ಪಿಯಲ್ಲಿ ಆಡಿರುತ್ತದೆ. ಹೊಸ ಐವರು ಅಷ್ಟರಲ್ಲಿ ಒಂಬತ್ತು ಪಂದ್ಯ ಒಟ್ಟಿಗೆ ಆಡಿರುತ್ತಾರೆ. ಅವರು ಅಲ್ಲಿ ಮ್ಯಾನಿಂಗ್‌ಗೆ ಆ ಒಂದು ಗಳಿಗೆ ಒದಗಿಸಿಕೊಟ್ಟರೆ ನನ್ನ ಲೆಕ್ಕ ಹರಿದುಹಾಕಿ. ಆ ತಂಡ ಜನವರಿ 19ರಂದು ಮಯಾಮಿಯ ಫೈನಲ್‌ನಲ್ಲಿ ಇರುವುದಕ್ಕೆ ತಕ್ಕದ್ದೇ.

ನಿಮ್ಮ ಕೊನೆಯ ಪ್ರಶ್ನೆ, ಯಾವ ಪಂದ್ಯಕ್ಕೆ ಹೋಗುವುದು. ಎಲ್ಲರೂ ನವೆಂಬರ್ 28ರ ಟೆಕ್ಸಸ್ ಎ ಅಂಡ್ ಎಂ ಅನ್ನುತ್ತಾರೆ. ಥ್ಯಾಂಕ್ಸ್‌ಗಿವಿಂಗ್ ಮರುದಿನ ರಜೆ ಇರುತ್ತದೆ, ಆದರೆ ಕುಟುಂಬಕ್ಕೆಲ್ಲ ಟಿಕೆಟ್ ಕೊಳ್ಳುವುದು ಜೇಬಿಗೆ ಬಹಳ ಭಾರ. ಅದನ್ನು ಮನೆಯಲ್ಲಿ ಕೂತು ನೋಡಿ. ನವೆಂಬರ್ 1ರ ವ್ಯಾಂಡರ್‌ಬಿಲ್ಟ್ ಪಂದ್ಯ ಚೆನ್ನಾಗಿರುತ್ತದೆ, ಕಳೆದ ವರ್ಷ ಅಲಬಾಮಾವನ್ನು ಸೋಲಿಸಿದ ಡಿಯಾಗೋ ಪಾವಿಯಾ ಆಟ ನೋಡಲಾದರೂ ಹೋಗಬೇಕು. ಆದರೆ ಅವತ್ತು ರಾಜ್ಯೋತ್ಸವ, ಶನಿವಾರ ಬೇರೆ. ನಿಮ್ಮಲ್ಲಿ ಕಾರ್ಯಕ್ರಮ ಅವತ್ತೇ ಇದ್ದರೆ ಎರಡೂ ಕೂಡಿ ಬರುವುದು ಕಷ್ಟ. ನಾನಾದರೆ ನವೆಂಬರ್ 22ರ ಅರ್ಕಾನ್ಸಸ್ ಪಂದ್ಯ ಆರಿಸುತ್ತೇನೆ. ಹವೆ ತಂಪಾಗಿರುತ್ತದೆ. ಅರ್ಕಾನ್ಸಸ್ ಜೊತೆಗಿನದು ಹಳೆಯ ಹಗೆತನ. 1969ರಲ್ಲಿ ಅಧ್ಯಕ್ಷ ನಿಕ್ಸನ್ ಖುದ್ದು ಹೋಗಿ ನೋಡಿದ ಪಂದ್ಯದಲ್ಲಿ ಟೆಕ್ಸಸ್ 15-14ರಲ್ಲಿ ಗೆದ್ದು ಆ ವರ್ಷ ಚಾಂಪಿಯನ್ ಆಯಿತು, ಅರ್ಕಾನ್ಸಸ್‌ನ ಹಿರಿಯರು ಅದನ್ನು ಇವತ್ತಿಗೂ ಮರೆತಿಲ್ಲ. ಟಿಕೆಟ್ ಸಿಗುವುದಾದರೆ ಗೋಲ್ ಪೋಸ್ಟ್ ಹಿಂದಿನ ಮೇಲಿನ ಸಾಲುಗಳಲ್ಲಿ ತೆಗೆದುಕೊಳ್ಳಿ. ಅಗ್ಗವೂ ಹೌದು, ಟೀವಿ ಎಂದೂ ಸರಿಯಾಗಿ ತೋರಿಸದ ಆ ಐವರ ಕೆಲಸ ಅಲ್ಲಿಂದ ಸ್ಪಷ್ಟವಾಗಿ ಕಾಣುತ್ತದೆ. ಬೈನಾಕ್ಯುಲರ್ ಮರೆಯಬೇಡಿ.